ಮನೆ ಕಂದಾಯದ ಲೆಕ್ಕ

ಮಕ್ಕಳೇ, ಆಸ್ತಿ ತೆರಿಗೆ ಎಂದರೆ ಕಷ್ಟದ ಲೆಕ್ಕವೇನಲ್ಲ. ಬೆಂಗಳೂರಿನಲ್ಲಿ 2008ರಲ್ಲಿ ಬಂದ ಪದ್ಧತಿಯಂತೆ ಬಡಾವಣೆಯ ವಲಯ ನೋಡಿ ಚದರಡಿಗೆ ಇಷ್ಟೆಂದು ತಿಂಗಳ ದರ ಗೊತ್ತುಮಾಡಿದರು. ವಿಸ್ತೀರ್ಣವನ್ನು ಆ ದರದಿಂದ, ಮತ್ತೆ 10 ತಿಂಗಳಿಂದ ಗುಣಿಸಿ, ಮನೆಯ ವಯಸ್ಸಿಗೆ ತಕ್ಕ ಸವಕಳಿ ಕಳೆಯಿರಿ. ಉಳಿದದ್ದರಲ್ಲಿ ನೂರಕ್ಕೆ 20 ತೆರಿಗೆ, ಅದರ ಮೇಲೆ ಸೆಸ್. ಏಪ್ರಿಲ್‌ನಲ್ಲೇ ಪೂರ್ತಿ ಕಟ್ಟಿದವರಿಗೆ ನೂರಕ್ಕೆ 5 ರಿಯಾಯಿತಿ.

ವಿವರ ಬರೆಯುವವರು ನಾವೇ. ಬಾಡಿಗೆ ಮನೆಗೆ ಸ್ವಂತ ವಾಸದ ಎರಡರಷ್ಟು ದರ. ನಮ್ಮ ಮಹಡಿಯಲ್ಲಿ ಬಾಡಿಗೆಯವರಿದ್ದಾರೆ.

“ತಾತ, ನಾವೇ ಇದೀವಿ ಅಂತ ಬರೆದರೆ ಯಾರಿಗೆ ಗೊತ್ತಾಗತ್ತೆ?” ಎಂದಳು ಮೊಮ್ಮಗಳು.

“ಬೀದಿದೀಪ, ಮೋರಿ ಎಲ್ಲ ಈ ದುಡ್ಡಿನಲ್ಲೇ ಪುಟ್ಟಿ. ಪಕ್ಕದ ಮನೆಯವರು ಕಟ್ಟಲಿ, ದೀಪ ಮಾತ್ರ ನಮಗೂ ಉರಿಯಲಿ ಅನ್ನೋದು ಸರೀನಾ?”

ಅವಳೇ ಪೆನ್ನು ತೆಗೆದುಕೊಂಡು ‘ಬಾಡಿಗೆ’ ಎಂದು ಬರೆದಳು.