ಒಳಲೆಯೂ ಉಗ್ಗುಗಿನ್ನೆಯೂ

ಎಳೆಗೂಸಿರುವ ಮನೆಯಲ್ಲಿ ದೊಡ್ಡವರ ಮಾತು ಎಲ್ಲಿಂದ ಆರಂಭವಾದರೂ ಕೊನೆಗೆ ಬಂದು ನಿಲ್ಲುವುದು ಒಂದೇ ಪ್ರಶ್ನೆಗೆ: ಮಗು ಇವತ್ತು ಕಕ್ಕ ಮಾಡಿತೆ? ಮಗುವಿನ ಮೊದಲ ನಗು, ತೊದಲು ನುಡಿ, ಅಂಬೆಗಾಲುಗಳನ್ನು ಕವಿಗಳು ಬೇಕಾದಷ್ಟು ಹಾಡಿದ್ದಾರೆ. ಕಟ್ಟಿದ ಹೊಟ್ಟೆಯನ್ನು ಕುರಿತು ಸಭ್ಯರ ಬರವಣಿಗೆ ಸಾಮಾನ್ಯವಾಗಿ ಮೌನ ವಹಿಸುತ್ತದೆ. ಆದರೆ ಅಂಥ ಮನೆಯ ನಿದ್ದೆ, ಊಟ, ನೆಮ್ಮದಿಗಳೆಲ್ಲ ನಿಂತಿರುವುದು ಇದೊಂದರ ಮೇಲೆಯೇ. ಆದ್ದರಿಂದ ಸಂಕೋಚವನ್ನು ಬದಿಗಿಟ್ಟು ಈ ವಿಷಯವನ್ನೇ ಬರೆಯಲು ಹೊರಟಿದ್ದೇವೆ.

ನಾವೆಂದರೆ ಅಜ್ಜ ಮತ್ತು ಅಜ್ಜಿ. ಬಾಣಂತನ ತವರಿನಲ್ಲಿ ಆಗಬೇಕೆಂಬುದು ನಮ್ಮ ಕಡೆಯ ಪದ್ಧತಿ. ಈಗಿನ ಕಾಲದಲ್ಲಿ ಮಗಳು ತವರಿಗೆ ಬರುವುದರ ಬದಲು ತವರೇ ರೈಲು ಹತ್ತಿ ಮಗಳ ಮನೆಗೆ ಹೋಗುತ್ತದೆ. ನಾವೂ ತಿಪಟೂರಿನ ಮನೆಗೆ ಬೀಗ ಹಾಕಿ, ಬೆಂಗಳೂರಿನಲ್ಲಿ ಕಾಚಿಗುಡದ ರೈಲು ಹಿಡಿದು, ಹೈದರಾಬಾದಿನ ಕೂಕಟ್‌ಪಲ್ಲಿಗೆ ಬಂದೆವು. ನಮ್ಮ ಚೀಲದಲ್ಲಿ ಕೊಬ್ಬರಿ ಎಣ್ಣೆ, ಹರಳೆಣ್ಣೆ, ಬಜೆ, ಅಳಲೆಕಾಯಿ, ಜಾಯಿಕಾಯಿ, ತೇಯುವ ಕಲ್ಲು ಇದ್ದವು. ಜೊತೆಗೊಂದು ಬೆಳ್ಳಿಯ ಒಳಲೆ. ಬಾಟಲಿ ಬಂದ ಮೇಲೆ ಹುಟ್ಟಿದವರಿಗೆ ಒಳಲೆಯ ಪರಿಚಯ ಇರಲಾರದು. ಕೂಸಿನ ಬಾಯಿಗೆ ಹಾಲನ್ನೋ ಮದ್ದನ್ನೋ ತೊಟ್ಟುತೊಟ್ಟಾಗಿ ಹಾಕಲು ಉದ್ದ ಮೂತಿ ಇಟ್ಟ ಅಂಗೈಯಗಲದ ಬಟ್ಟಲು ಅದು. ನಮ್ಮ ಮನೆಯಲ್ಲಿ ಮೂರು ತಲೆಮಾರು ಅದರಲ್ಲಿ ಕುಡಿದಿದೆ.

ಮಗುವಿಗೆ ಹತ್ತು ವಾರ ತುಂಬಿದಾಗ ಮೊದಲ ಪರೀಕ್ಷೆ ಎದುರಾಯಿತು. ಅದುವರೆಗೆ ದಿನಕ್ಕೆ ನಾಲ್ಕೈದು ಸಲ ಬಟ್ಟೆ ಬದಲಾಯಿಸಲು ಕೆಲಸ ಕೊಡುತ್ತಿದ್ದ ಕೂಸು ಇದ್ದಕ್ಕಿದ್ದಂತೆ ನಿಲ್ಲಿಸಿಬಿಟ್ಟಿತು. ಎರಡು ದಿನವಾಯಿತು, ನಾಲ್ಕಾಯಿತು, ಆರಾಯಿತು. ನಡುನಡುವೆ ಮುಖ ಕೆಂಪಗೆ ಮಾಡಿಕೊಂಡು ಮುಕ್ಕುವುದು, ಕಾಲು ಹೊಟ್ಟೆಗೆ ಎಳೆದುಕೊಳ್ಳುವುದು, ಒಂದಷ್ಟು ಅಳು, ಮತ್ತೆ ನಗು. ಸುದ್ದಿ ಫೋನಿನಲ್ಲಿ ಹಾಸನ, ಮೈಸೂರು, ದಾವಣಗೆರೆಗಳಿಗೆ ಹರಡಿತು. ಬಂಧುಗಳು ಒಬ್ಬೊಬ್ಬರೂ ಒಂದೊಂದು ಉಪಾಯ ಹೇಳಿದರು. ವೀಳ್ಯದೆಲೆಯ ತೊಟ್ಟಿಗೆ ಹರಳೆಣ್ಣೆ ಸವರಿ ಇಡಿ ಎಂದರು ಒಬ್ಬರು. ಬಜೆಯನ್ನು ಜೇನಿನಲ್ಲಿ ತೇಯ್ದು ನೆಕ್ಕಿಸಿ ಎಂದರು ಇನ್ನೊಬ್ಬರು. ಮೂರನೆಯವರು 1851ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ಹುಟ್ಟಿ ನಮ್ಮ ಅಜ್ಜಿಯರ ಕಪಾಟಿಗೂ ಬಂದು ಸೇರಿದ ಗ್ರೈಪ್ ವಾಟರನ್ನು ನೆನಪಿಸಿದರು.

ಉಪಾಯಗಳಷ್ಟೇ ಆಗಿದ್ದರೆ ಕೇಳಿ ಸುಮ್ಮನಿರಬಹುದಿತ್ತು. ಪ್ರತಿ ಉಪಾಯದ ಬಾಲದಲ್ಲಿ ಒಂದು ಆಪಾದನೆಯೂ ಇರುತ್ತಿತ್ತು. ಬಾಣಂತಿ ಬದನೆಕಾಯಿ ತಿಂದಳೆ? ತಣ್ಣೀರು ಕುಡಿದಳೆ? ಹಾಲು ಸಾಲುತ್ತಿಲ್ಲವೇನೋ, ಡಬ್ಬಿ ಹಾಲು ಶುರು ಮಾಡಬಾರದೆ? ಆರನೆಯ ರಾತ್ರಿ ಮಗಳು, “ಅಮ್ಮಾ, ನನ್ನ ಹಾಲೇ ಸರಿಯಿಲ್ಲ ಅನ್ನಿಸುತ್ತೆ ಕಣಮ್ಮ” ಎಂದು ಅತ್ತಳು. ಆಗ ನಮಗೆ ತಿಳಿಯಿತು, ಕಟ್ಟಿದ್ದು ಕೂಸಿನ ಹೊಟ್ಟೆಯಷ್ಟೇ ಅಲ್ಲ. ಇಂಥ ಮಾತುಗಳಿಗೆ ಬೆದರಿ ಹಾಲೂಡಿಸುವುದನ್ನೇ ಬಿಟ್ಟ ತಾಯಂದಿರನ್ನು ನಾವು ಊರಿನಲ್ಲಿ ಕಂಡಿದ್ದೆವು.

ಎದುರು ಮನೆಯ ಹಿರಿಯರು ಗೋದಾವರಿ ಸೀಮೆಯವರು. ಕೂಕಟ್‌ಪಲ್ಲಿಯಲ್ಲಿ, ಅದರಲ್ಲೂ ಎಲ್ಲರೂ ಕೆ.ಪಿ.ಎಚ್.ಬಿ. ಎಂದು ಕರೆಯುವ ಹೌಸಿಂಗ್ ಬೋರ್ಡ್ ಕಾಲೊನಿಯ ಸುತ್ತಮುತ್ತ, ಕರಾವಳಿ ಆಂಧ್ರದಿಂದ ಬಂದು ನೆಲೆಸಿದವರು ಬಹಳ. ನಮ್ಮಂತೆಯೇ ಅವರೂ ಬೇರೆಡೆಯಿಂದ ಬಂದವರು. ಮರುದಿನ ಬೆಳಿಗ್ಗೆ ಆ ತಾಯಿ ಬಾಗಿಲಲ್ಲಿ ನಿಂತು, “ವದಿನಗಾರೂ, ಪಾಪಕಿ ಉಗ್ಗು ಪಟ್ಟಾರಾ?” ಎಂದು ಕೇಳಿದರು. ನಾವು ಮುಖ ಮುಖ ನೋಡಿಕೊಂಡೆವು. ಕನ್ನಡದ ಕಿವಿಗೆ ಉಗ್ಗು ಎಂದರೆ ತಡವರಿಸುವ ಮಾತು. ಇನ್ನೂ ಬಾಯಿಯೇ ಬಿಡದ ಕೂಸು ಉಗ್ಗುವುದು ಹೇಗೆ?

ಅರ್ಥ ಬಿಡಿಸಿಕೊಂಡಾಗ ಎರಡೂ ಮನೆಯವರು ನಕ್ಕೆವು. ತೆಲುಗಿನಲ್ಲಿ ಉಗ್ಗು ಎಂದರೆ ಕೂಸಿಗೆ ಕುಡಿಸುವ ಆಹಾರ. ಹಿಂದೆ ಆ ಮಾತಿಗೆ ಮೊಲೆಹಾಲಿಗೆ ಹರಳೆಣ್ಣೆ ಬೆರೆಸಿದ್ದು ಎಂಬ ಅರ್ಥವಿತ್ತಂತೆ. ಈಗ ಅಕ್ಕಿ ಬೇಳೆ ಹುರಿದು ಬೀಸಿದ ಹಿಟ್ಟಿನ ಗಂಜಿಗೂ ಅದೇ ಹೆಸರು. ಅದನ್ನು ಕುಡಿಸುವ ಪಾತ್ರೆ ಉಗ್ಗುಗಿನ್ನೆ. ಆಕೆ ತಮ್ಮ ಮನೆಯದನ್ನು ತಂದು ನಮ್ಮ ಒಳಲೆಯ ಪಕ್ಕದಲ್ಲಿಟ್ಟರು. ಅದೇ ಮೂತಿ, ಅದೇ ಅಂಗೈಯಗಲ. ನಮ್ಮ ಹರಳೆಣ್ಣೆ ಅವರ ಆಮುದಂ, ನಮ್ಮ ಬಜೆ ಅವರ ವಸ, ನಮ್ಮ ಅಳಲೆಕಾಯಿ ಅವರ ಕರಕ್ಕಾಯ, ನಮ್ಮ ವೀಳ್ಯದೆಲೆ ತೊಟ್ಟು ಅವರ ತಮಲಪಾಕು ಕಾಡ. ಮಾತು ತಿಳಿಯದ ಊರು ಎಂದುಕೊಂಡು ಬಂದವರಿಗೆ ಕೂಸಿನ ಮದ್ದಿನ ಪಟ್ಟಿಯೇ ನಿಘಂಟಾಯಿತು.

ಆದರೆ ಆಕೆ ಯಾವ ಮದ್ದನ್ನೂ ಹೇಳಲಿಲ್ಲ. ಕೈ ತೊಳೆದುಕೊಂಡು ಬಂದು ಕೂಸಿನ ಹೊಟ್ಟೆಯನ್ನು ಮೆಲ್ಲಗೆ ಒತ್ತಿ ನೋಡಿದರು. ಕೊನೆಯ ಸಲ ಹೋದದ್ದು ಗಟ್ಟಿಯಾಗಿತ್ತೆ, ಮೆತ್ತಗಿತ್ತೆ ಎಂದು ಕೇಳಿದರು. ಉಚ್ಚೆ ಎಷ್ಟು ಸಲ, ಹಾಲು ಕುಡಿಯುತ್ತದೆಯೆ, ವಾಂತಿ ಇದೆಯೆ ಎಂದು ವಿಚಾರಿಸಿದರು. ಆಮೇಲೆ “ಕಡುಪು ಮೆತ್ತಗಾ ಉಂದಿ” ಎಂದು ಹೇಳಿ, ಕಾಯಿರಿ ಎಂದು ಸನ್ನೆ ಮಾಡಿದರು. ಐದಾರು ಮಕ್ಕಳನ್ನು ಎತ್ತಿ ಆಡಿಸಿದ ಕೈಗೆ ಮದ್ದು ಯಾವಾಗ ಬೇಡ ಎಂಬುದೂ ತಿಳಿದಿರುತ್ತದೆ.

ಅಂದೇ ಸಂಜೆ ಮಕ್ಕಳ ವೈದ್ಯೆಯನ್ನೂ ಕಂಡೆವು. ಅವರು ಕೇಳಿದ ಮೊದಲ ಪ್ರಶ್ನೆ ನಮ್ಮನ್ನು ಹತ್ತು ವಾರ ಹಿಂದಕ್ಕೆ ಕರೆದೊಯ್ದಿತು: ಹುಟ್ಟಿದ ಮೇಲೆ ಮೊದಲ ಕಪ್ಪು ಮಲ ಎಷ್ಟು ಹೊತ್ತಿಗೆ ಹೋಯಿತು? ದಿನ ತುಂಬಿ ಹುಟ್ಟಿದ ಬಹುಪಾಲು ಕೂಸುಗಳಿಗೆ ಅದು 24 ಗಂಟೆಯೊಳಗೆ ಹೋಗುತ್ತದೆ. 48 ಗಂಟೆ ದಾಟಿದರೆ ಕರುಳಿನ ತುದಿಯಲ್ಲಿ ನರಕೋಶಗಳೇ ಇಲ್ಲದ ಒಂದು ಹುಟ್ಟುದೋಷವನ್ನು ಶಂಕಿಸಬೇಕಾಗುತ್ತದೆ. 1886ರಲ್ಲಿ ಅದನ್ನು ವಿವರಿಸಿದ ಡೆನ್ಮಾರ್ಕಿನ ವೈದ್ಯ ಹಿರ್ಷ್‌ಸ್ಪ್ರಂಗ್ ಅವರ ಹೆಸರೇ ಆ ಕಾಯಿಲೆಗೆ ನಿಂತಿದೆ. ಅದಕ್ಕೆ ಶಸ್ತ್ರಚಿಕಿತ್ಸೆಯೇ ದಾರಿ. ನಮ್ಮ ಕೂಸಿಗೆ ಮೊದಲ ದಿನವೇ ಹೋಗಿತ್ತು. ತೂಕವೂ ಸರಿಯಾಗಿ ಏರಿತ್ತು.

ಹಾಗಾದರೆ ಇದು ಮಲಬದ್ಧತೆಯೇ ಅಲ್ಲ ಎಂದರು ವೈದ್ಯೆ. ತಾಯಿಯ ಹಾಲು ಬಹುಮಟ್ಟಿಗೆ ಪೂರ್ತಿಯಾಗಿ ರಕ್ತಗತವಾಗುತ್ತದೆ. ಉಳಿಯುವ ಕಸ ಅತ್ಯಲ್ಪ. ಆರು ವಾರ ದಾಟಿದ ಮೇಲೆ ಬರೀ ಮೊಲೆಹಾಲು ಕುಡಿಯುವ ಕೆಲವು ಕೂಸುಗಳು ವಾರದವರೆಗೆ, ಕೆಲವೊಮ್ಮೆ ಇನ್ನೂ ಹೆಚ್ಚು ದಿನ, ಹೀಗೆ ಇರುವುದುಂಟು. ದಿನಗಳನ್ನು ಎಣಿಸಬೇಡಿ, ಹೋದಾಗ ಹೇಗಿರುತ್ತದೆ ಎಂಬುದನ್ನು ನೋಡಿ ಎಂದರು. ಮುಕ್ಕುವುದಕ್ಕೂ ಕಾರಣವಿದೆ. ಹೊಟ್ಟೆಯನ್ನು ಬಿಗಿಹಿಡಿಯುವಾಗಲೇ ಕೆಳಗಿನ ಸ್ನಾಯುವನ್ನು ಸಡಿಲಬಿಡುವುದು ಒಂದು ವಿದ್ಯೆ. ಕೂಸು ಅದನ್ನು ಕಲಿಯುತ್ತಿರುತ್ತದೆ. ತೊಟ್ಟು ಇಡುತ್ತ ಹೋದರೆ ಕಲಿಕೆ ತಡವಾಗುತ್ತದೆ. ಮಗಳು ಮೆಲ್ಲಗೆ ತನ್ನ ಹಾಲಿನ ವಿಷಯ ಕೇಳಿದಳು. “ನಿಮ್ಮ ಹಾಲು ಚೆನ್ನಾಗಿರುವುದರಿಂದಲೇ ಹೀಗೆ” ಎಂಬ ಉತ್ತರ ಬಂತು. ಎಂಟನೆಯ ದಿನ ಕೂಸು ತಾನಾಗಿಯೇ, ಧಾರಾಳವಾಗಿ, ಮೆತ್ತಗೆ ಮುಗಿಸಿತು. ಬಂಧುಗಳಿಗೆಲ್ಲ ಸುದ್ದಿ ಮುಟ್ಟಿಸಿದ್ದಾಯಿತು.

ನಮ್ಮ ಚೀಲದ ಮದ್ದುಗಳ ಬಗ್ಗೆಯೂ ಅಂದು ವಿವರವಾಗಿ ಮಾತಾಡಿದೆವು. ಹರಳೆಣ್ಣೆ ಕರುಳನ್ನು ಕೆರಳಿಸಿ ಹಿಂಡುತ್ತದೆ, ನೀರಿನಂಶ ಕಳೆಯುತ್ತದೆ. ಅಳುವ ಕೂಸಿನ ಬಾಯಿಗೆ ಎಣ್ಣೆ ಹಾಕಿದರೆ ಅದು ಶ್ವಾಸಕೋಶಕ್ಕೂ ಇಳಿಯಬಹುದು. ಜೇನಿನ ವಿಷಯ ಇನ್ನೂ ಗಂಭೀರ. ಜೇನಿನಲ್ಲಿರಬಹುದಾದ ಒಂದು ಬ್ಯಾಕ್ಟೀರಿಯಾದ ಬೀಜಾಣುಗಳು ಎಳೆಯ ಕರುಳಿನಲ್ಲಿ ಬೆಳೆದು ವಿಷ ಉಂಟುಮಾಡುವ ಕಾಯಿಲೆಯನ್ನು 1976ರಲ್ಲಿ ಅಮೆರಿಕದಲ್ಲಿ ಗುರುತಿಸಿದರು. ಅದರ ಆರಂಭದ ಲಕ್ಷಣವೇ ಬಹುತೇಕ ಮಲಬದ್ಧತೆ! ಹೊಟ್ಟೆ ಸಡಿಲಿಸಲು ಕೊಟ್ಟದ್ದೇ ಹೊಟ್ಟೆ ಕಟ್ಟುವ ವಿಪರ್ಯಾಸ ಅದು. ಆದ್ದರಿಂದ ವರ್ಷ ತುಂಬುವ ಮೊದಲು ಜೇನು ಕೂಡದು. ಇದರಿಂದ ಹಿರಿಯರೆಲ್ಲ ಅಜ್ಞಾನಿಗಳಾಗಿದ್ದರು ಎಂದು ನಾವು ತಿಳಿಯುವುದಿಲ್ಲ. ಮಕ್ಕಳ ಚಿಕಿತ್ಸೆಗೆಂದೇ ಇರುವ ಕಾಶ್ಯಪ ಸಂಹಿತೆಯ ಲೇಹಾಧ್ಯಾಯದಲ್ಲಿ ಎಂಥ ಮಗುವಿಗೆ ಲೇಹ ನೆಕ್ಕಿಸಬೇಕು, ಎಂಥದಕ್ಕೆ ಕೂಡದು ಎಂಬ ವಿವೇಚನೆಯೂ ಇದೆ. ಕಾಲಾಂತರದಲ್ಲಿ ಲೇಹ ಉಳಿದು ವಿವೇಚನೆ ಕಳೆದುಹೋಯಿತೆಂದು ಕಾಣುತ್ತದೆ.

ನಿಜವಾದ ಮಲಬದ್ಧತೆ ಬಂದದ್ದು ಆರು ತಿಂಗಳ ಮೇಲೆ. 2017ರ ತಿದ್ದುಪಡಿಯ ಬಳಿಕ ಕಾನೂನು ಕೊಡುವ ಹೆರಿಗೆ ರಜೆ 26 ವಾರ. ಕೂಸಿಗೆ ಮೇಲಾಹಾರ ಶುರುಮಾಡುವುದೂ ಆರು ತಿಂಗಳಿಗೆ. ಎರಡು ಬದಲಾವಣೆಗಳು ಒಂದೇ ವಾರದಲ್ಲಿ ಬಂದಿಳಿದವು. ಮಗಳು ಆಫೀಸಿಗೆ ಹೊರಟಳು, ಕೂಸಿನ ಬಾಯಿಗೆ ರಾಗಿ ಸರಿ ಬಂತು. ಹತ್ತು ದಿನದಲ್ಲಿ ಮಲ ಆಡಿನ ಹಿಕ್ಕೆಯಂತೆ ಉಂಡೆಯಾಯಿತು. ಒಂದು ದಿನ ಗೆರೆಯಷ್ಟು ರಕ್ತವೂ ಕಂಡಿತು. ಈ ಸಲದ ಅಳು ಬೇರೆಯದೇ ಆಗಿತ್ತು. ಇದಕ್ಕೆ ಕಾಯುವುದು ಉತ್ತರವಲ್ಲ.

ರಕ್ತ ಕಂಡ ದಿನವೇ ವೈದ್ಯೆಯ ಬಳಿ ಹೋದೆವು. ಗಟ್ಟಿ ಮಲದಿಂದ ಚರ್ಮ ಸೀಳಿದೆ ಎಂದು ನೋಡಿ ಹೇಳಿ, ಕೆಲವು ದಿನಕ್ಕೆ ಲ್ಯಾಕ್ಟುಲೋಸ್ ಸಿರಪ್ ಬರೆದರು. ಉಳಿದದ್ದು ಮನೆಯ ಕೆಲಸ. ಸರಿಯನ್ನು ತೆಳ್ಳಗೆ ಮಾಡಿದೆವು. ಪರಂಗಿಹಣ್ಣು, ಬೇಯಿಸಿ ಕಿವುಚಿದ ಪೇರ್ ಹಣ್ಣು ಸೇರಿಸಿದೆವು. ಕುದಿಸಿ ಆರಿಸಿದ ನೀರನ್ನು ಊಟದ ಜೊತೆ ಗುಟುಕು ಗುಟುಕಾಗಿ ಕೊಟ್ಟೆವು. ಆರು ತಿಂಗಳವರೆಗೆ, ಎಂಥ ಬೇಸಿಗೆಯಲ್ಲೂ, ಮೊಲೆಹಾಲು ಕುಡಿಯುವ ಕೂಸಿಗೆ ನೀರು ಬೇಡವೆಂಬ ನಿಯಮದ ಅವಧಿ ಮುಗಿದಿತ್ತು. ಬಿಸಿನೀರ ಸ್ನಾನದ ಮುಂಚೆ ಅಜ್ಜಿಯ ಅಂಗೈ ಕೂಸಿನ ಹೊಟ್ಟೆಯ ಮೇಲೆ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಸುತ್ತಿತು. ದೊಡ್ಡ ಕರುಳು ಬಲಗಡೆ ಮೇಲೇರಿ, ಅಡ್ಡ ಹಾದು, ಎಡಗಡೆ ಇಳಿಯುವ ದಾರಿಯೂ ಅದೇ. ಅಜ್ಜ ಅದರ ಕಾಲು ಹಿಡಿದು ಸೈಕಲ್ ತುಳಿಸಿದರು. ಚೀಲದಿಂದ ಬಳಕೆಗೆ ಬಂದದ್ದು ಎರಡು: ಮೈಗೆ ಕೊಬ್ಬರಿ ಎಣ್ಣೆ, ನೀರು ಕುಡಿಸಲು ಒಳಲೆ. ಒಂದು ವಾರದಲ್ಲಿ ಮಲ ಮೆತ್ತಗಾಯಿತು.

ಹೊರನಾಡಿಗೆ ಬಂದ ನಾವು ಮದ್ದಿಗಾಗಿ ಪರದಾಡಬೇಕಾಗಿಲ್ಲ. ಬಜೆಯೂ ಹರಳೆಣ್ಣೆಯೂ ಇಲ್ಲಿನ ಅಂಗಡಿಗಳಲ್ಲೇ ಸಿಗುತ್ತವೆ. ಸಿಗದಿರುವುದು, ಹತ್ತು ಕೂಸುಗಳನ್ನು ಕಂಡು, ಪಕ್ಕದಲ್ಲಿ ಕುಳಿತು, ಮುಟ್ಟಿ ನೋಡಿ ಹೇಳುವ ಒಬ್ಬರು. ಫೋನಿನಲ್ಲಿ ಸಲಹೆ ಬರಬಹುದು. ಹೊಟ್ಟೆ ಮೆತ್ತಗಿದೆಯೋ ಬಿಗಿದಿದೆಯೋ ಎಂಬುದನ್ನು ಫೋನು ಮುಟ್ಟಿ ನೋಡಲಾರದು. ಅಂಥವರು ನಮಗೆ ಎದುರು ಬಾಗಿಲಲ್ಲಿ, ಬೇರೆ ಭಾಷೆಯಲ್ಲಿ ದೊರಕಿದರು.

ಈಗ ಮಿಯಾಪುರ, ನಿಜಾಂಪೇಟೆಗಳ ಕನ್ನಡದ ಎಳೆಯ ದಂಪತಿಗಳು ಆಗಾಗ ನಮ್ಮನ್ನು ಕೇಳುವುದುಂಟು. ಹಸಿರು ವಾಂತಿ, ಬಿಗಿದು ಉಬ್ಬಿದ ಹೊಟ್ಟೆ, ಮಲದಲ್ಲಿ ರಕ್ತ, ಹಾಲು ಬೇಡವೆನ್ನುವುದು, ಏರದ ತೂಕ, ಇವುಗಳಲ್ಲಿ ಒಂದಿದ್ದರೂ ನಮ್ಮನ್ನು ಕೇಳುತ್ತ ಕೂರದೆ ಆಸ್ಪತ್ರೆಗೆ ಹೊರಡಿ ಎನ್ನುತ್ತೇವೆ. ಡಬ್ಬಿ ಹಾಲಿನ ಮಗುವಾದರೆ ಪುಡಿಯನ್ನು ಡಬ್ಬಿಯ ಮೇಲಿನ ಅಳತೆಯಂತೆಯೇ ಕಲಸುತ್ತಿದ್ದೀರಾ ಎಂದು ಕೇಳುತ್ತೇವೆ. ಗಟ್ಟಿಯಾಗಿ ಕಲಸಿದ ಹಾಲೂ ಹೊಟ್ಟೆ ಕಟ್ಟುತ್ತದೆ. ಇವೊಂದೂ ಇಲ್ಲ, ಕೂಸು ನಗುತ್ತಿದೆ ಎಂದಾದರೆ ಫೋನನ್ನು ತಾಯಿಯ ಕೈಗೆ ಕೊಡಲು ಹೇಳುತ್ತೇವೆ. ಆಕೆಯನ್ನು ಕೇಳುವುದು ಇಷ್ಟೇ: “ನಿನ್ನ ಊಟ ಆಯಿತೇನಮ್ಮಾ?”