ಡೋರ್ನಹಳ್ಳಿಯ ಹಬ್ಬದೂಟ, ಟೊರೊಂಟೊ ಟಿಕೇಟು

ಮೈಸೂರಿನಿಂದ ಕೆ.ಆರ್. ನಗರದ ಬಸ್ಸು ಹತ್ತಿ ಇಲವಾಲ, ಬಿಳಿಕೆರೆ ದಾಟಿದ ಮೇಲೆ ಗಾಳಿಯ ವಾಸನೆಯೇ ಬೇರೆ. ಡಿಸೆಂಬರ್ ಕೊನೆಯ ವಾರವಾದರಂತೂ ಕೊಯ್ದ ಭತ್ತದ ಹುಲ್ಲು, ಅವರೆಕಾಯಿಯ ಸೊಗಡು ಎರಡೂ ಕಿಟಕಿಯೊಳಗೆ ನುಗ್ಗುತ್ತವೆ. ಕೆ.ಆರ್. ನಗರ ಇನ್ನೂ ಸ್ವಲ್ಪ ದೂರವಿದೆ ಎನ್ನುವಾಗ ಡೋರ್ನಹಳ್ಳಿ ಸಿಗುತ್ತದೆ. ಬಸ್ಸಿನ ಅರ್ಧ ಜನ ಅಲ್ಲೇ ಇಳಿಯುತ್ತಾರೆ. ಸಂತ ಅಂತೋನಿಯವರ ದೇವಾಲಯಕ್ಕೆ ಹೋಗುವವರಲ್ಲಿ ಕ್ರೈಸ್ತರಷ್ಟೇ ಇಲ್ಲ. ಹೂವು, ಹರಕೆ ಹಿಡಿದ ಗೌಡರ ಮನೆಯ ಹೆಂಗಸರೂ ಇರುತ್ತಾರೆ.

ಈ ಕ್ಷೇತ್ರದ ಕಥೆಯೇ ಹಾಗಿದೆ. ಬಹಳ ಹಿಂದೆ ರೈತನೊಬ್ಬ ಹೊಲ ಉಳುತ್ತಿದ್ದಾಗ ನೇಗಿಲಿಗೆ ಮರದ ವಿಗ್ರಹವೊಂದು ತಗುಲಿತಂತೆ. ಯಾವುದೋ ಬೊಂಬೆ ಎಂದು ಮಕ್ಕಳ ಕೈಗೆ ಕೊಟ್ಟನಂತೆ. ಆಮೇಲೆ ಕನಸಿನಲ್ಲಿ ಸಂತರು ಬಂದರಂತೆ, ಗುಡಿ ಕಟ್ಟಿದನಂತೆ. 'ಅಂತೆ'ಗಳನ್ನು ಬಿಟ್ಟು ಹೇಳುವುದಾದರೆ, ಅಂತೋನಿಯವರು 1195ರಲ್ಲಿ ಪೋರ್ಚುಗಲ್ಲಿನ ಲಿಸ್ಬನ್‌ನಲ್ಲಿ ಹುಟ್ಟಿ, 1231ರಲ್ಲಿ ಇಟಲಿಯ ಪಡುವಾದಲ್ಲಿ ತೀರಿಕೊಂಡವರು. ಕಳೆದುಹೋದದ್ದನ್ನು ಹುಡುಕಿಕೊಡುವ ಸಂತರೆಂದು ಲೋಕವೆಲ್ಲ ನಂಬುತ್ತದೆ. ಹುಟ್ಟಿದ ಊರಲ್ಲಿ ಸಾಯದೆ, ಸತ್ತ ಊರಲ್ಲಿ ಹುಟ್ಟದೆ, ಕಾವೇರಿ ಬಯಲಿನಲ್ಲಿ ನೆಲೆಯಾದ ಈ ಪುಣ್ಯಾತ್ಮರಿಗೆ ಜೂನ್ 13ರಂದು ದೊಡ್ಡ ಜಾತ್ರೆ. 2019ರಲ್ಲಿ ಈ ದೇವಾಲಯಕ್ಕೆ ಬೆಸಿಲಿಕಾ ಎಂಬ ಗೌರವವೂ ಬಂದಿದೆ.

ನಾನು ಹೋದದ್ದು ಹರಕೆಗಲ್ಲ, ಊಟಕ್ಕೆ. ಅಲ್ಲಿಗೆ ಹತ್ತಿರದ ಹಳ್ಳಿಯೊಂದರಲ್ಲಿ ನನಗೆ ಹೈಸ್ಕೂಲಿನಲ್ಲಿ ಲೆಕ್ಕ ಕಲಿಸಿದ ಮೇಷ್ಟ್ರು ಇದ್ದಾರೆ. ಪ್ರತಿ ಕ್ರಿಸ್‌ಮಸ್ಸಿಗೂ ಅವರ ಮನೆಯಲ್ಲಿ ನನ್ನದೊಂದು ಎಲೆ ಖಾಯಂ. ಜಗುಲಿಯಲ್ಲಿ ಗೋದಲಿ, ಅದರ ಮುಂದೆ ತಟ್ಟೆಯಲ್ಲಿ ಮೊಳೆಸಿದ ರಾಗಿ ಪೈರು, ಡಬ್ಬಿ ತುಂಬ ಕಜ್ಜಾಯ, ಕರ್ಜಿಕಾಯಿ. ನಡುರಾತ್ರಿಯ ಪೂಜೆ ಮುಗಿಸಿ ಬಂದವರ ಕಣ್ಣಲ್ಲಿ ಇನ್ನೂ ನಿದ್ದೆ.

ಹಬ್ಬದ ದಿನ ಆ ಮನೆಯಲ್ಲಿ ವರ್ಷದ ವರದಿ ಒಪ್ಪಿಸುವ ಪದ್ಧತಿಯಿದೆ. ಯಾರ ಮಗಳಿಗೆ ಸೀಟು ಸಿಕ್ಕಿತು, ಯಾರ ಹೊಗೆಸೊಪ್ಪಿಗೆ ಒಳ್ಳೆ ಬೆಲೆ ಬಂತು, ಯಾರು ಹೋದರು. ಈ ಸಲ ಹಿತಕಿದ ಬೇಳೆ ಸಾರು ಬಡಿಸುತ್ತಲೇ ಮೇಷ್ಟ್ರು ಸುದ್ದಿ ಒಡೆದರು. "ಫೆಬ್ರವರಿಗೆ ನಾವಿಬ್ಬರೂ ಟೊರೊಂಟೊಗೆ ಕಣಯ್ಯ. ಮಗ ಟಿಕೇಟು ಮಾಡಿಸಿದ್ದಾನೆ."

"ಎಷ್ಟು ತಿಂಗಳಿಗೆ ಸಾರ್?"

"ತಿಂಗಳಲ್ಲ, ವರ್ಷ."

ಸಾರಿನ ಸೌಟು ಹಿಡಿದಿದ್ದ ಅಮ್ಮ ಏನೂ ಮಾತಾಡದೆ ಒಳಗೆ ಹೋದರು.

ಮಕ್ಕಳನ್ನು ಎಂಜಿನಿಯರಿಂಗ್ ಓದಿಸುತ್ತಿರುವ ಅಪ್ಪ ಅಮ್ಮಂದಿರಿಗೆ ಈ ಲೆಕ್ಕ ಮುಂದೆ ಬೇಕಾಗಬಹುದು, ಆದ್ದರಿಂದ ಹೇಳಿಬಿಡುತ್ತೇನೆ. ಕೆನಡಾದಲ್ಲಿ ನೆಲೆಸಿದವರ ತಂದೆತಾಯಿಗೆ 'ಸೂಪರ್ ವೀಸಾ' ಎಂಬುದು 2011ರ ಡಿಸೆಂಬರಿನಲ್ಲಿ ಬಂತು. 2022ರ ಜುಲೈಯಿಂದ ಒಮ್ಮೆ ಹೋದರೆ ಐದು ವರ್ಷದವರೆಗೂ ಇರಬಹುದು. ಆದರೆ ಕನಿಷ್ಠ ಒಂದು ಲಕ್ಷ ಡಾಲರಿನ ಆರೋಗ್ಯ ವಿಮೆ ಇರಲೇಬೇಕು, ಮಗನ ಸಂಪಾದನೆ ಅವರು ಹೇಳಿದಷ್ಟಿರಬೇಕು, ಅಲ್ಲಿ ದುಡಿಯುವಂತಿಲ್ಲ. ಇತ್ತ ಪಿಂಚಣಿಗೆ ಪ್ರತಿ ವರ್ಷ ಬದುಕಿದ್ದೇವೆಂಬ ಪ್ರಮಾಣಪತ್ರ ಕೊಡುತ್ತಿರಬೇಕು. ಇನ್ನು ಜಮೀನು. ಕೆನಡಾದ ಪೌರನಾದ ಮಗ ಒಸಿಐ ಕಾರ್ಡ್ ಇದ್ದರೂ ಇಲ್ಲಿ ಗದ್ದೆ ಕೊಳ್ಳುವಂತಿಲ್ಲ. ಹೆತ್ತವರಿಂದ ವಾರಸಾಗಿ ಬಂದದ್ದನ್ನು ಮಾತ್ರ ಇಟ್ಟುಕೊಳ್ಳಬಹುದು. ಒಮ್ಮೆ ಮಾರಿದರೆ ಮುಗಿಯಿತು.

ಗಂಟು ಇದ್ದದ್ದು ಅಲ್ಲೇ. ಮನೆಯನ್ನೂ ಎರಡು ಎಕರೆ ಗದ್ದೆಯನ್ನೂ ಮಾರಿಬಿಡಿ, ಅಷ್ಟು ದೂರದಿಂದ ನೋಡಿಕೊಳ್ಳುವವರು ಯಾರು ಎಂಬುದು ಮಗನ ವಾದ. ಅವನ ಮಾತು ತಪ್ಪೆಂದು ನಾನು ಹೇಳಲಾರೆ. ಎಪ್ಪತ್ತು ದಾಟಿದ ಇಬ್ಬರೇ ಇರುವ ಮನೆಗೆ ರಾತ್ರಿ ಹೊತ್ತು ಫೋನು ಮಾಡಿ, ಅದು ರಿಂಗಾಗುತ್ತಲೇ ಇದ್ದಾಗ ಆಗುವ ಸಂಕಟ ಅವನದು.

ಊರು ಬಿಡುವುದು ಈ ಸೀಮೆಗೆ ಹೊಸದೂ ಅಲ್ಲ. ಕೆ.ಆರ್. ನಗರವೇ 1924ರ ಕಾವೇರಿ ಪ್ರವಾಹದ ನಂತರ ಹಳೆ ಎಡತೊರೆಯಿಂದ ಎದ್ದು ಬಂದ ಊರು. ಮೇಷ್ಟ್ರ ಮೊದಲ ನೌಕರಿ ಎಚ್.ಡಿ. ಕೋಟೆ ಕಡೆ, ಕಬಿನಿ ಜಲಾಶಯದಲ್ಲಿ ಹಳ್ಳಿ ಮುಳುಗಿ ಬಂದ ಮಕ್ಕಳೇ ಅವರ ತರಗತಿಯಲ್ಲಿ ಬಹಳವಿದ್ದರಂತೆ. "ಅವರ ಹಾಜರಿ ಕೂಗುವಾಗ ಮುಳುಗಿದ ಊರಿನ ಹೆಸರನ್ನೇ ಸೇರಿಸಿ ಕೂಗ್ತಿದ್ದೆ. ಖುಷಿ ಪಡೋರು" ಎಂದರು.

ಮರುದಿನ ಸ್ವೆಟರ್ ಕೊಳ್ಳಲು ಮೂವರೂ ಹುಣಸೂರು, ಪಿರಿಯಾಪಟ್ಟಣದ ಮೇಲೆ ಬೈಲುಕುಪ್ಪೆಗೆ ಹೊರಟೆವು. ದಾರಿಯುದ್ದಕ್ಕೂ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನುಗಳು. ಬೈಲುಕುಪ್ಪೆ ಸಮೀಪಿಸಿದಂತೆ ಬಣ್ಣಬಣ್ಣದ ಪ್ರಾರ್ಥನಾ ಪತಾಕೆಗಳು. ಅಂದಿನ ಮೈಸೂರು ಸರ್ಕಾರ ಕೊಟ್ಟ ಸುಮಾರು 3,000 ಎಕರೆ ಕಾಡು ಕಡಿದು 1960–61ರಲ್ಲಿ ಟಿಬೆಟನ್ನರು ಇಲ್ಲಿ ಮುಸುಕಿನ ಜೋಳ ಬಿತ್ತಿದರು. ಈಗ ಅವರ ಮಕ್ಕಳು ಮೊಮ್ಮಕ್ಕಳು ಅಮೆರಿಕ, ಕೆನಡಾ ಸೇರುತ್ತಿದ್ದಾರೆ. 1990ರ ಅಮೆರಿಕದ ವಲಸೆ ಕಾಯ್ದೆ ಭಾರತ, ನೇಪಾಳದಲ್ಲಿದ್ದ ಸಾವಿರ ಟಿಬೆಟನ್ನರಿಗೆ ವೀಸಾ ಕೊಟ್ಟಿತು. ಹಾಗೆ ಹೋದವರು ಆಮೇಲೆ ಸಂಸಾರ ಕರೆಸಿಕೊಂಡರು.

ಅಂಗಡಿಯಲ್ಲಿದ್ದ ಮುದುಕಿ ಅಚ್ಚ ಕನ್ನಡದಲ್ಲಿ ವಿಚಾರಿಸಿದಳು. ಟೊರೊಂಟೊ ಎಂದದ್ದೇ ನಕ್ಕುಬಿಟ್ಟಳು. "ಈ ಸ್ವೆಟರ್ ಅಲ್ಲಿ ಮನೆಯೊಳಗೆ ಹಾಕೋಕೆ ಸರಿ, ಹೊರಗೆ ನಡೆಯಲ್ಲ. ಅಲ್ಲೇ ಹೋಗಿ ದಪ್ಪ ಕೋಟು ತಗೊಳ್ಳಿ." ವ್ಯಾಪಾರ ಹೋದರೂ ಸರಿ, ನಿಜ ಹೇಳುವ ಅಂಗಡಿ ಇನ್ನೂ ಇದೆ! ಅವಳೂ ಮಗಳ ಜೊತೆ ಎರಡು ವರ್ಷ ನ್ಯೂಯಾರ್ಕಿನಲ್ಲಿದ್ದು ಬಂದವಳಂತೆ.

"ಯಾಕಮ್ಮ ವಾಪಸ್ ಬಂದ್ರಿ?" ಎಂದು ಅಮ್ಮ ಕೇಳಿದರು. ಎರಡು ದಿನದಲ್ಲಿ ಅವರು ಆ ವಿಷಯಕ್ಕೆ ಬಾಯಿಬಿಟ್ಟದ್ದು ಅದೇ ಮೊದಲು.

"ಮಗಳು ಬೆಳಿಗ್ಗೆ ಹೋದ್ರೆ ರಾತ್ರಿ ಬರೋಳು. ಇಲ್ಲಿ ಮನೆ ಇತ್ತು, ಅದಕ್ಕೆ ಬಂದೆ. ಇಲ್ದಿದ್ರೆ ಎಲ್ಲಿಗೆ ಬರೋದು?"

ವಾಪಸು ಬರುವಾಗ ಹುಣಸೂರು ಬಸ್ ನಿಲ್ದಾಣದಲ್ಲಿ ಕಾಫಿ ಕುಡಿಯುತ್ತ ಅಮ್ಮ ತೀರ್ಮಾನ ಹೇಳಿಬಿಟ್ಟರು. "ಹೋಗೋಣ. ಮೊಮ್ಮಗಳಿಗೆ ಕನ್ನಡ ಬರಲ್ಲ, ಕಲಿಸ್ಬೇಕು. ಆದ್ರೆ ಮನೆ ಮಾರೋ ಮಾತು ಇನ್ನೊಂದ್ಸಲ ಎತ್ತಬೇಡಿ. ಅವನಿಗೂ ಹೇಳಿಬಿಡಿ."

ಮೇಷ್ಟ್ರು ಅಲ್ಲೇ ನಿಂತು ಮಗನಿಗೆ ಫೋನು ಹಚ್ಚಿದರು. ಅಲ್ಲಿ ಇನ್ನೂ ಬೆಳಕಾಗಿರಲಿಲ್ಲ. ಆ ಕಡೆಯ ಮಾತು ನಮಗೆ ಕೇಳಿಸಲಿಲ್ಲ. ಮೇಷ್ಟ್ರು ಬಹಳ ಹೊತ್ತು ಹೂಂ ಹೂಂ ಎಂದು, ಕೊನೆಗೆ "ನಿಮ್ಮಮ್ಮ ಹೇಳಿದ್ದು ಕಣಪ್ಪ, ನಾನಲ್ಲ" ಎಂದರು.

ಗದ್ದೆಯನ್ನು ಪಕ್ಕದ ಮನೆಯವರು ವಾರಕ್ಕೆ ಮಾಡುತ್ತಾರೆ. ಮನೆಯ ಬೀಗದ ಕೈ ಒಂದು ಅವರಲ್ಲಿ, ಇನ್ನೊಂದು ನನ್ನಲ್ಲಿ. ಬಸ್ಸು ಹತ್ತಿಸುವಾಗ ಅಮ್ಮ ಅವರೆಕಾಯಿಯ ಚೀಲದ ಜೊತೆ ಕಾಗದದಲ್ಲಿ ಸುತ್ತಿದ ಎರಡು ಮೇಣದಬತ್ತಿ ಕೊಟ್ಟರು. ಸತ್ತವರ ಸ್ಮರಣೆಯ ದಿನ, ನವೆಂಬರ್ 2ಕ್ಕೆ, ಅವರ ಅತ್ತೆ ಮಾವಂದಿರ ಸಮಾಧಿಗೆ ಹಚ್ಚಬೇಕಂತೆ.

"ಗಾಳಿಗೆ ಆರಿಹೋಗ್ತದೆ ಕಣಪ್ಪ. ಬೆಂಕಿಪೊಟ್ಟಣ ಒಂದು ಹೆಚ್ಚಿಗೆ ತಗೊಂಡು ಹೋಗು."