ಏಕಶಿಲೆಯ ಊರು

‘ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ’ ಎಂಬುದು ಹಿರಿಯರ ಗಾದೆ. ಹತ್ತಿರ ಹೋದ ಮೇಲೆಯೇ ಬೆಟ್ಟದ ಕಲ್ಲುಮುಳ್ಳುಗಳ ಅರಿವಾಗುವುದೆಂಬುದು ಅದರ ಆಶಯ. ತುಮಕೂರು ಜಿಲ್ಲೆಯ ಮಧುಗಿರಿಗೆ ಬಂದವನಿಗೆ ಮಾತ್ರ ಈ ಗಾದೆ ತುಸು ತಿರುವುಮುರುವಾದಂತೆ ತೋರುತ್ತದೆ. ಇಲ್ಲಿಯ ಬೆಟ್ಟ ದೂರದಿಂದ ನುಣ್ಣಗಿರುವಂತೆ ಹತ್ತಿರದಿಂದಲೂ ನುಣ್ಣಗೇ ಇದೆ. ಏರುವವನ ಕಷ್ಟವಿರುವುದು ಆ ನುಣುಪಿನಲ್ಲಿಯೇ. ಊರಿನ ಯಾವ ಬೀದಿಯಲ್ಲಿ ನಿಂತು ತಲೆಯೆತ್ತಿದರೂ ಮನೆಗಳ ಮಾಡಿನ ಮೇಲೆ ಬೂದುಬಣ್ಣದ ಆ ಮಹಾಶಿಲೆ ಕಾಣಿಸುತ್ತದೆ. ಹೊಸಬನು ಅದನ್ನು ಬೆರಗಿನಿಂದ ನೋಡುತ್ತಾನೆ. ಊರಿನವರು ಮನೆಯ ಹಿರಿಯನನ್ನು ನೋಡುವಂತೆ, ಅದು ಅಲ್ಲಿದೆಯೆಂಬ ನೆಮ್ಮದಿಯಿಂದ, ತಮ್ಮ ಕೆಲಸದಲ್ಲಿ ತೊಡಗುತ್ತಾರೆ.

ಸಮುದ್ರಮಟ್ಟದಿಂದ ಸುಮಾರು 3,930 ಅಡಿ ಎತ್ತರವಿರುವ ಈ ಬೆಟ್ಟವು ಏಷ್ಯಾ ಖಂಡದ ಅತಿ ದೊಡ್ಡ ಏಕಶಿಲೆಗಳಲ್ಲಿ ಒಂದೆಂದು ಪ್ರಸಿದ್ಧವಾಗಿದೆ. ಬಳ್ಳಾರಿಯ ಕಡೆಯಿಂದ ಪಾವಗಡ, ಮಧುಗಿರಿಗಳ ಮೂಲಕ ರಾಮನಗರದವರೆಗೆ ಹಬ್ಬಿರುವ ಗ್ರಾನೈಟ್ ಶಿಲೆಯ ಸಾಲಿಗೆ ಇದು ಸೇರಿದೆ. ರಾಮನಗರದ ಹಳೆಯ ಹೆಸರನ್ನು ಅನುಸರಿಸಿ ಭೂವಿಜ್ಞಾನಿಗಳು ಇದನ್ನು ‘ಕ್ಲೋಸ್‌ಪೇಟೆ ಗ್ರಾನೈಟ್’ ಎಂದು ಕರೆಯುತ್ತಾರೆ. ಭೂಗರ್ಭದ ಕಾದ ದ್ರವವು ತಣಿದು ಈ ಶಿಲೆಯಾದದ್ದು ಸುಮಾರು 250 ಕೋಟಿ ವರ್ಷಗಳ ಹಿಂದೆ. ಮೇಲಿದ್ದ ಮಣ್ಣು ಕಲ್ಲುಗಳು ಯುಗಯುಗಗಳಲ್ಲಿ ಸವೆದುಹೋಗಿ ಶಿಲೆ ಹೊರಗೆ ಕಾಣಿಸಿಕೊಂಡಿತು. ಹಗಲಿನ ಬಿಸಿಲು, ಇರುಳಿನ ತಂಪು, ಬಿರುಕುಗಳಲ್ಲಿ ಇಳಿಯುವ ಮಳೆಯ ನೀರು ಇವೆಲ್ಲ ಸೇರಿ ಈರುಳ್ಳಿಯ ಸಿಪ್ಪೆಯನ್ನು ಬಿಡಿಸಿದಂತೆ ಅದರ ಪದರಗಳನ್ನು ಕಳಚಿ ಈ ದುಂಡಾದ ರೂಪವನ್ನು ಕೊಟ್ಟವು.

ಇಂಥ ಬೋಳುಬಂಡೆಯ ಮೇಲೆ ಮನುಷ್ಯನು ನೆಲೆಯೂರಿದುದು ಹೇಗೆ? ಇದಕ್ಕೆ ಉತ್ತರವಾಗಿ ಸ್ಥಳೀಯರು ಒಂದು ಕಥೆಯನ್ನು ಹೇಳುತ್ತಾರೆ. ಮಂದೆಯಿಂದ ತಪ್ಪಿಸಿಕೊಂಡು ಬೆಟ್ಟಕ್ಕೆ ಹೋದ ಕುರಿಯೊಂದು ಮೈಯೆಲ್ಲ ಒದ್ದೆಯಾಗಿ ಹಿಂದಿರುಗಿತಂತೆ. ಬೆಟ್ಟದ ಮೇಲೆ ನೀರಿದೆಯೆಂಬುದು ಅದರಿಂದ ತಿಳಿದು, ಇಲ್ಲಿಯ ಪಾಳೆಯಗಾರನು ಕೋಟೆಯನ್ನು ಕಟ್ಟಲು ತೊಡಗಿದನಂತೆ. ಕಥೆಯ ನಿಜಸುಳ್ಳುಗಳು ಹೇಗೇ ಇರಲಿ, ಅದರ ತಿರುಳು ಸತ್ಯವಾದುದು. ನೀರಿಲ್ಲದ ಕೋಟೆಯನ್ನು ಗೆಲ್ಲಲು ಶತ್ರುವಿಗೆ ಕತ್ತಿಯೇ ಬೇಕಿಲ್ಲ. ಬುಡದಲ್ಲಿ ಕಾದು ಕುಳಿತರೆ ಸಾಕು. ಬಂಡೆಯ ತಗ್ಗುಗಳಲ್ಲಿ ಮಳೆಯ ನೀರು ನಿಂತು ಆಗುವ ಹೊಂಡಗಳಿಗೆ ಈ ನಾಡಿನಲ್ಲಿ ‘ದೊಣೆ’ ಎಂದು ಹೆಸರು. ಬೆಟ್ಟದ ಮೇಲಿನ ಜೀವನವೆಲ್ಲ ಈ ದೊಣೆಗಳನ್ನು ನಂಬಿತ್ತು. ಬಂಡೆಯ ಮೇಲೆ ಬಿದ್ದ ಹನಿಯನ್ನು ಹರಿದುಹೋಗಲು ಬಿಡದೆ ಹಿಡಿದಿಟ್ಟುಕೊಂಡವನೇ ಇಲ್ಲಿಯ ನಿಜವಾದ ಕೋಟೆ ಕಟ್ಟಿದವನು.

ಪಾಳೆಯಗಾರರ ಕಾಲದಲ್ಲಿ ‘ಮದ್ದಗಿರಿ’ ಎನಿಸಿಕೊಂಡಿದ್ದ ಈ ಊರು 1678ರಲ್ಲಿ ಮೈಸೂರಿನ ಅರಸರ ವಶವಾಯಿತು. ಮುಂದೆ ಹೈದರ್ ಅಲಿಯ ಕಾಲದಲ್ಲಿ ಕೋಟೆ ಇನ್ನಷ್ಟು ಬಲಗೊಂಡಿತು. ಇಂದು ಬೆಟ್ಟವನ್ನು ಏರುವವರಿಗೆ ಒಂದರ ಮೇಲೊಂದರಂತೆ ಬಾಗಿಲುಗಳೂ ಬುರುಜುಗಳೂ ಎದುರಾಗುತ್ತವೆ. ಮೊದಮೊದಲು ಕಾಲಿಗೆ ಒದಗುವ ಮೆಟ್ಟಿಲುಗಳು ಮೇಲೆ ಹೋದಂತೆ ಬಂಡೆಯಲ್ಲಿ ಕಡಿದ ಬರಿಯ ಗುರುತುಗಳಾಗುತ್ತವೆ. ಅಲ್ಲಿ ಮಾತು ನಿಲ್ಲುತ್ತದೆ. ಮುಂದಿನವರು ಹಿಂದಿನವರಿಗೆ ಕೈನೀಡುತ್ತಾರೆ. ಗಾಳಿ ಬಲವಾಗಿ ಬೀಸುವಾಗ ಎಂಥ ಎಂಟೆದೆಯವನೂ ಬಂಡೆಗೆ ಅಂಗೈಯೂರಿ ನಡೆಯಬೇಕಾಗುತ್ತದೆ. ತುದಿಯಲ್ಲಿ ಪಾಳುಬಿದ್ದ ಗುಡಿ, ಮುರಿದ ಗೋಡೆಗಳು, ಸುತ್ತಲೂ ಕಣ್ಣು ಹರಿಯುವಷ್ಟು ದೂರ ಕೆರೆ, ಹೊಲ, ಗುಡ್ಡಗಳು.

ರಕ್ಷಣೆಗಾಗಿ ಕಟ್ಟಿದ ಗೋಡೆಯೇ ಸೆರೆಮನೆಯ ಗೋಡೆಯೂ ಆಗಬಲ್ಲದು. 1763ರಲ್ಲಿ ಹೈದರ್ ಅಲಿಯು ಬಿದನೂರನ್ನು ಗೆದ್ದಾಗ ಕೆಳದಿ ಸಂಸ್ಥಾನದ ರಾಣಿ ವೀರಮ್ಮಾಜಿಯನ್ನೂ ಆಕೆಯ ದತ್ತುಪುತ್ರನನ್ನೂ ಇದೇ ಬೆಟ್ಟದಲ್ಲಿ ಸೆರೆಯಿರಿಸಿದನು. ಬಿಡುವಿಲ್ಲದೆ ಮಳೆ ಸುರಿಯುವ ಮಲೆನಾಡಿನ ಹಸುರಿನಲ್ಲಿ ಬಾಳಿದ ರಾಣಿಗೆ ಈ ಬಯಲುಸೀಮೆಯ ಬಂಡೆಯ ಬೇಗೆ ಹೇಗೆನಿಸಿರಬಹುದು! 1767ರಲ್ಲಿ ಪೇಶ್ವೆ ಮಾಧವರಾಯನ ಸೈನ್ಯವು ಕೋಟೆಯನ್ನು ಹಿಡಿದು ಆಕೆಯನ್ನು ಬಿಡಿಸಿತು. ಆದರೆ ಪುಣೆಗೆ ಸಾಗುವ ದಾರಿಯಲ್ಲಿಯೇ ರಾಣಿ ತೀರಿಕೊಂಡಳು. ಬಿಡುಗಡೆ ಬಂದಿತು, ಅದನ್ನು ಅನುಭವಿಸುವ ಆಯುಸ್ಸು ಉಳಿದಿರಲಿಲ್ಲ. ಕೋಟೆಯ ಬಾಗಿಲಲ್ಲಿ ನಿಂತವನು ಗೆದ್ದವರ ಹೆಸರುಗಳ ಜೊತೆಗೆ ಈ ನೊಂದ ಜೀವವನ್ನೂ ನೆನೆಯುವುದು ನ್ಯಾಯ.

ಬೆಟ್ಟದ ಬುಡದಲ್ಲಿ ಊರಿನ ಬಾಳು ಬೇರೆಯೇ ಆದುದು. ವೆಂಕಟರಮಣಸ್ವಾಮಿ, ಮಲ್ಲೇಶ್ವರಸ್ವಾಮಿ ದೇವಾಲಯಗಳು ಅಕ್ಕಪಕ್ಕದಲ್ಲಿ ನಿಂತು ಹರಿಹರರಲ್ಲಿ ಜಗಳವಿಲ್ಲವೆಂಬುದನ್ನು ಸಾರುತ್ತವೆ. ಊರಿನಲ್ಲಿ ಜೈನ ಬಸದಿಯೂ ಇದೆ. ದಂಡಿನ ಮಾರಮ್ಮನ ಜಾತ್ರೆಗೆ ಸುತ್ತಣ ಹಳ್ಳಿಗಳಿಂದ ಜನ ಕಿಕ್ಕಿರಿದು ಬರುತ್ತಾರೆ. ದಂಡು ಎಂದೋ ಹೊರಟುಹೋಯಿತು; ಅದರ ಹೆಸರನ್ನು ಹೊತ್ತ ತಾಯಿ ಮಾತ್ರ ಊರಿನವಳಾಗಿ ಉಳಿದಳು. ರಾಗಿ, ಕಡಲೆಕಾಯಿ, ಹುಣಿಸೆ ಈ ಸೀಮೆಯ ಬೆಳೆಗಳು. ಬಿಸಿ ಮುದ್ದೆಗೆ ಅವರೆಕಾಳಿನ ಸಾರು ದೊರೆತ ದಿನ ಮನೆಯಲ್ಲಿ ಹಬ್ಬವೇ ಸರಿ.

ಸುತ್ತಣ ತಾಲ್ಲೂಕುಗಳೂ ಇದೇ ಕಲ್ಲಿನ ಮಕ್ಕಳು. ಕೊರಟಗೆರೆಯ ಕಡೆ ಚನ್ನರಾಯನದುರ್ಗದ ಕೋಟೆಯೂ ಗಿಡಮೂಲಿಕೆಗಳಿಗೆ ಹೆಸರಾದ ಸಿದ್ಧರಬೆಟ್ಟವೂ ಇವೆ. ಮೊಗಲರ ಪ್ರಾಂತದ ರಾಜಧಾನಿಯಾಗಿದ್ದ ಸಿರಾದಲ್ಲಿ 1651ರ ಮಲಿಕ್ ರಿಹಾನನ ಗೋರಿಯನ್ನೂ 1696ರ ಜುಮ್ಮಾ ಮಸೀದಿಯನ್ನೂ ಕಾಣಬಹುದು. ಅದೇ ತಾಲ್ಲೂಕಿನಲ್ಲಿ ಕಾಡುಗೊಲ್ಲರು ತಮ್ಮ ವೀರ ಜುಂಜಪ್ಪನ ಕಥೆಯನ್ನು ಗಣೆಯ ನಾದದೊಡನೆ ಇಂದಿಗೂ ಹಾಡುತ್ತಾರೆ. ಕನ್ನಡ ತೆಲುಗುಗಳೆರಡೂ ನಾಲಗೆಯ ಮೇಲೆ ನಲಿಯುವ ಪಾವಗಡದಲ್ಲಿ ಬೆಟ್ಟದ ಕೋಟೆಯ ಬುಡದಲ್ಲಿಯೇ ಊರಿದೆ. ಮಳೆ ಕಡಿಮೆಯಾದ ಆ ತಾಲ್ಲೂಕಿನ ತಿರುಮಣಿಯ ಸುತ್ತ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆ ನೆಲದಲ್ಲಿ ಸೌರವಿದ್ಯುತ್ ಉದ್ಯಾನ ತಲೆಯೆತ್ತಿದೆ. 2019ರ ಕೊನೆಯ ಹೊತ್ತಿಗೆ ಅದರ ಸಾಮರ್ಥ್ಯ 2,000 ಮೆಗಾವಾಟನ್ನು ಮುಟ್ಟಿತು. ಬೆಳೆಯನ್ನು ಒಣಗಿಸುತ್ತಿದ್ದ ಬಿಸಿಲು ಬೆಳಕಾಯಿತು; ಕುಡಿಯುವ ಒಳ್ಳೆಯ ನೀರಿನ ಚಿಂತೆಯನ್ನು ಮಾತ್ರ ಬಿಸಿಲು ತೀರಿಸಲಾರದು. ಈ ಸೀಮೆಯ ಅಂತರ್ಜಲದಲ್ಲಿ ಫ್ಲೋರೈಡ್ ಅಂಶ ಹೆಚ್ಚಾಗಿದ್ದು ಹಲ್ಲು ಮೂಳೆಗಳನ್ನು ಕೆಡಿಸುತ್ತದೆ. ಕೊಳವೆಬಾವಿಗಳನ್ನು ಆಳಕ್ಕೆ ಕೊರೆಯುತ್ತ ಹೋದ ಜನ, ಮೇಲೆ ಬಿದ್ದ ನೀರನ್ನು ಹಿಡಿದಿಡುವ ಕೆರೆ ದೊಣೆಗಳ ಜಾಣ್ಮೆಯನ್ನು ಮತ್ತೆ ಕಲಿಯಬೇಕಾಗಿದೆ.

ಬಂಡೆಯನ್ನು ನಂಬಿ ಬಾಳಿದವರು ಈ ನಾಡಿನವರಷ್ಟೇ ಅಲ್ಲ. ಆಫ್ರಿಕಾ ಖಂಡದ ನೈಜೀರಿಯಾ ದೇಶದಲ್ಲಿ ಯೊರುಬಾ ಜನರ ಅಬೆಯೊಕುಟಾ ಎಂಬ ನಗರವಿದೆ. ಆ ಹೆಸರಿಗೆ ‘ಬಂಡೆಯ ಕೆಳಗೆ’ ಎಂದೇ ಅರ್ಥ. ಯುದ್ಧಗಳಿಂದ ದಿಕ್ಕುಗೆಟ್ಟ ಎಗ್ಬಾ ಪಂಗಡದವರು 1830ರ ಸುಮಾರಿಗೆ ಸೊಡೆಕೆ ಎಂಬ ನಾಯಕನೊಡನೆ ಬಂದು ಒಲುಮೊ ಎಂಬ ಬಂಡೆಯ ಆಸರೆಯಲ್ಲಿ ನೆಲೆಸಿದರು. ಇಂದಿಗೂ ಆ ಬಂಡೆ ಅವರಿಗೆ ಪೂಜ್ಯ. ಅಲ್ಲಿಯ ಹೆಂಗಸರು ನೀಲಿಯ ಬಣ್ಣದಲ್ಲಿ ಅದ್ದಿ ಚಿತ್ತಾರ ಮೂಡಿಸುವ ‘ಅದಿರೆ’ ಬಟ್ಟೆಗೆ ದೇಶವಿದೇಶಗಳಲ್ಲಿ ಹೆಸರಿದೆ. 1986ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಸಾಹಿತಿ ವೊಲೆ ಸೊಯಿಂಕಾ ಹುಟ್ಟಿದುದು ಆ ಊರಿನಲ್ಲಿಯೇ. ಸಾವಿರಾರು ಮೈಲಿಗಳ ಅಂತರದಲ್ಲಿರುವ, ಒಬ್ಬರ ನುಡಿ ಇನ್ನೊಬ್ಬರಿಗೆ ತಿಳಿಯದ ಈ ಎರಡು ಊರುಗಳ ಜನರಿಗೆ ಕಲ್ಲಿಗೆ ಕೈಮುಗಿಯುವುದೇಕೆಂದು ಪರಸ್ಪರ ವಿವರಿಸಬೇಕಾಗುವುದಿಲ್ಲ.

ಬೆಟ್ಟಕ್ಕೆ ಬರುವ ಎಲ್ಲರೂ ಹೀಗೆ ಕೈಮುಗಿಯುವುದಿಲ್ಲವೆಂಬುದು ವಿಷಾದದ ಸಂಗತಿ. ಕೋಟೆಯ ಗೋಡೆಯ ಮೇಲೆ ಹೆಸರು ಗೀಚುವವರೂ, ದೊಣೆಯ ನೀರಿಗೆ ಪ್ಲಾಸ್ಟಿಕ್ ಬಾಟಲಿ ಎಸೆಯುವವರೂ ಉಂಟು. ಫಿರಂಗಿಗೆ ಅಂಜದ ಕೋಟೆ ಅಲಕ್ಷ್ಯಕ್ಕೆ ಅಂಜುತ್ತದೆ. ಒಮ್ಮೆ ಆಳುವವರ ಕಾವಲಿನಲ್ಲಿದ್ದ ಬೆಟ್ಟ ಇಂದು ಅದನ್ನು ಏರುವ ಪ್ರತಿಯೊಬ್ಬ ಬಾಲಕ ಬಾಲಕಿಯ ಕಾವಲಿನಲ್ಲಿದೆ. ಮುಂದೊಂದು ದಿನ ದಾರಿತಪ್ಪಿದ ಕುರಿಯೊಂದು ಆ ಬಂಡೆಯನ್ನೇರಿದರೆ, ಅದಕ್ಕೆ ಅಲ್ಲಿ ತಿಳಿಯಾದ ನೀರು ಸಿಕ್ಕಬೇಕು.